ಎರಡು ಪ್ರಿಸಿಷನ್ ಬಾಸ್, ಅಸಲಿ ಯಾವುದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಗೆಳೆಯರ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತೇನೆ. ನನ್ನದು ಪ್ರಿಸಿಷನ್ ಬಾಸ್ ಮಾದರಿಯದು. ತಂತಿಯ ಕಂಪನವನ್ನು ಕರೆಂಟಿನ ಸಂಕೇತ ಮಾಡುವ ಪಿಕಪ್ ಎರಡು ತುಂಡಾಗಿ, ಒಂದಕ್ಕೊಂದು ಸರಿದು ಕೂತಿದೆ. ಅಮೆರಿಕದಲ್ಲಿರುವ ಅಣ್ಣ ಅಲ್ಲಿನ ಹಳೇ ವಾದ್ಯಗಳ ಅಂಗಡಿಯಲ್ಲಿ ಕಂಡ ಒಂದು ಬಾಸ್‌ನ ಫೋಟೊ ಕಳಿಸಿದ. ಅದರ ಮೇಲೂ ಪ್ರಿಸಿಷನ್ ಬಾಸ್ ಅಂತಲೇ ಇದೆ. ಆದರೆ ತಲೆ ಸಣ್ಣದು, ಪಿಕಪ್ ಒಂದೇ ಪಟ್ಟಿ, ಬಾಡಿ ಹಲಗೆ ಕೊಯ್ದ ಹಾಗೆ ಚಪ್ಪಟೆ, ತೆಳು ತಂತಿಯ ಪಕ್ಕದಲ್ಲಿ ಸುಮ್ನೆ ಒಂದು ತುಂಡು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಎರಡರಲ್ಲಿ ಅಸಲಿ ಯಾವುದು? ಹಳೆಯದನ್ನು ಯಾಕೆ ಬದಲಿಸಿದರು? ಅಂಥದ್ದನ್ನು ತರಿಸಿಕೊಳ್ಳಬಹುದಾ?

ಉತ್ತರ: ಎರಡೂ ಅಸಲಿಯೇ. ಫೋಟೊದಲ್ಲಿರುವುದು ಆ ವಾದ್ಯ ಹುಟ್ಟಿದಾಗಿನ ರೂಪ. 1951ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಾಗ ಅದು ಹಾಗೇ ಇತ್ತು. ನಿಮ್ಮ ಕೈಯಲ್ಲಿರುವುದು 1957ರಲ್ಲಿ ತಿದ್ದಿದ ರೂಪ. ಇವತ್ತು ಯಾರೇ ಪಿ ಬಾಸ್ ಅಂದರೂ ಕಣ್ಣಿಗೆ ಬರುವುದು ಈ ಎರಡನೆಯದು. ನಡುವಿನ ಅಂತರ ಆರೇ ವರ್ಷ. ಆ ಆರು ವರ್ಷದಲ್ಲಿ ಅಂದಕ್ಕೆಂದು ಬದಲಾಗಿದ್ದು ತೀರಾ ಕಡಿಮೆ. ನುಡಿಸುವವರು ದೂರು ಹೇಳಿದರು, ಕಾರ್ಖಾನೆಯವರು ಸರಿ ಮಾಡಿದರು. ಬಹುಪಾಲು ಇಷ್ಟೇ ಕತೆ. ಆದರೆ ಒಂದೊಂದು ದೂರೂ ಸ್ವಾರಸ್ಯದ್ದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇದನ್ನು ಮಾಡಿದ ಲಿಯೋ ಫೆಂಡರ್ 1909ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. 1938ರಲ್ಲಿ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. 1946ರಲ್ಲಿ ತಮ್ಮದೇ ಹೆಸರಿನ ವಾದ್ಯ ಕಂಪನಿ ಶುರು ಮಾಡಿದರು. ತಮಾಷೆ ಅಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಪಿಯಾನೊ, ಸ್ಯಾಕ್ಸೊಫೋನ್ ಕಲಿತಿದ್ದರು, ಅಷ್ಟೇ. ನುಡಿಸಲು ಬಾರದ್ದರಿಂದ ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ. ಗಿಟಾರ್ ಹೀಗೇ ಇರಬೇಕು ಅನ್ನುವ ಹಳೇ ಸಂಪ್ರದಾಯದ ಭಾರ ಅವರ ತಲೆಯ ಮೇಲೆ ಇರಲಿಲ್ಲ. ಊರಿನ ವಾದ್ಯಗಾರರ ಕೈಗೆ ಮಾದರಿ ಕೊಡುವುದು, ಅವರು ಏನೆನ್ನುತ್ತಾರೆ ಕೇಳುವುದು, ಬಿಚ್ಚಿ ಮತ್ತೆ ಜೋಡಿಸುವುದು. ರೇಡಿಯೊ ರಿಪೇರಿಯವರ ಕೆಲಸದ ರೀತಿಯೇ ಅದು.

1940ರ ದಶಕದ ಕೊನೆಯಲ್ಲಿ ಬ್ಯಾಂಡುಗಳಲ್ಲಿ ಬಾಸ್ ಅಂದರೆ ಡಬಲ್ ಬಾಸ್. ಆಳೆತ್ತರದ, ಪಿಟೀಲಿನ ಆಕಾರದ, ನಿಂತು ನುಡಿಸುವ ದೊಡ್ಡ ವಾದ್ಯ. ಅದನ್ನು ಕಾರಿನಲ್ಲಿ ತುಂಬಿಕೊಂಡು ಊರೂರು ಸುತ್ತುವುದು ಕಷ್ಟ. ಅಷ್ಟು ಕಷ್ಟಪಟ್ಟು ಒಯ್ದರೂ ಡ್ರಮ್ಸ್, ತುತ್ತೂರಿ, ಎಲೆಕ್ಟ್ರಿಕ್ ಗಿಟಾರ್‌ಗಳ ಮಧ್ಯೆ ಸದ್ದೇ ಕೇಳುತ್ತಿರಲಿಲ್ಲ. ಮೈಕ್ ಇಟ್ಟರೆ ಫೀಡ್‌ಬ್ಯಾಕ್ ಬಂದು ಕೂಗುತ್ತಿತ್ತು. ಇನ್ನೊಂದು ತೊಂದರೆ ಹಣದ್ದು. ಸಣ್ಣ ಬ್ಯಾಂಡುಗಳಿಗೆ ಬಾಸ್‌ಗೆಂದೇ ಒಬ್ಬರನ್ನು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಗಿಟಾರ್‌ನವರೇ ಬಾಸ್ ಕೂಡ ನುಡಿಸಬೇಕು. ಆದರೆ ಡಬಲ್ ಬಾಸ್‌ಗೆ ಫ್ರೆಟ್ ಇಲ್ಲ. ಬೆರಳು ಕೂದಲೆಳೆ ಸರಿದರೂ ಅಪಸ್ವರ.

ಪಿಟೀಲಿಗೆ ಮೆಟ್ಟಿಲಿಲ್ಲ, ವೀಣೆಗೆ ಇದೆ ಅಲ್ವಾ, ಫೆಂಡರ್ ಬಾಸ್‌ಗೆ ಮಾಡಿದ್ದೂ ಅದನ್ನೇ. ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗದ ಮೇಲೆ 20 ಫ್ರೆಟ್ ಕೂರಿಸಿದರು. ಎಲ್ಲಿ ಒತ್ತಿದರೆ ಯಾವ ಸ್ವರ ಅನ್ನುವುದು ಮೊದಲೇ ತೀರ್ಮಾನವಾಗಿ ಹೋಯಿತು. ಸ್ವರ ಕರಾರುವಾಕ್ಕಾಗಿ ಬರುತ್ತದೆ ಅನ್ನುವುದನ್ನೇ ಹೆಸರಾಗಿ ಇಟ್ಟರು, ಪ್ರಿಸಿಷನ್ ಬಾಸ್ ಅಂತ.

ಮೊದಲ ಎಲೆಕ್ಟ್ರಿಕ್ ಬಾಸ್ ಗಿಟಾರ್ ಫೆಂಡರ್ ಅವರದೇ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಅನ್ನುವವರು 1930ರ ದಶಕದ ನಡುವಿನಲ್ಲೇ ಆಡಿಯೊವಾಕ್ಸ್ ಹೆಸರಿನಲ್ಲಿ, ಫ್ರೆಟ್ ಇರುವ, ಗಿಟಾರ್ ಹಾಗೆ ಅಡ್ಡ ಹಿಡಿದು ನುಡಿಸುವ ಗಟ್ಟಿ ಮರದ ಬಾಸ್ ಮಾಡಿ ಮಾರಿದ್ದರು. ಅದು ಹೆಚ್ಚು ನಡೆಯಲಿಲ್ಲ. ಅಷ್ಟು ಕೆಳಗಿನ ಸ್ವರವನ್ನು ಜೋರಾಗಿ ಕೇಳಿಸಬಲ್ಲ ಆಂಪ್ ಆಗಿನ್ನೂ ಇರಲಿಲ್ಲ. ಕೇಳುವ ಸಂಗೀತವೂ ಅದನ್ನು ಬೇಡುತ್ತಿರಲಿಲ್ಲ. ಫೆಂಡರ್ ಈ ಪಾಠ ಕಲಿತಿದ್ದರೋ ಇಲ್ಲವೋ, ಮಾಡಿದ್ದು ಮಾತ್ರ ಸರಿಯಾಗಿತ್ತು. ಬಾಸ್ ಬಂದ ಮರುವರ್ಷ, 1952ರಲ್ಲಿ, ಅದಕ್ಕೆಂದೇ ಬಾಸ್‌ಮ್ಯಾನ್ ಎಂಬ ಆಂಪ್ ತಂದರು. ಒಂದೇ 15 ಇಂಚಿನ ಸ್ಪೀಕರ್, ಸುಮಾರು 26 ವಾಟ್. ಇವತ್ತಿನ ಲೆಕ್ಕದಲ್ಲಿ ಮನೆಯಲ್ಲಿ ಅಭ್ಯಾಸಕ್ಕೆ ಇಡುವಷ್ಟು. ಆದರೂ ಆ ಕಾಲಕ್ಕೆ ಅದು ಮುಖ್ಯ. ಈ ಪುಟ್ಟ ಆಂಪ್‌ನ ವಿಷಯ ನೆನಪಿಟ್ಟುಕೊಳ್ಳಿ, ಪಿಕಪ್ ಬದಲಾದ ಕತೆಯಲ್ಲಿ ಅದು ಮತ್ತೆ ಬರುತ್ತದೆ.

ನನ್ನನ್ನು ಕೇಳಿದರೆ ಈ ವಾದ್ಯದ ದೊಡ್ಡ ತೀರ್ಮಾನ ಫ್ರೆಟ್ ಅಲ್ಲ, ಉದ್ದ. ತಲೆಯ ಕಡೆ ತಂತಿ ಕೂರುವ ನಟ್‌ನಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು, ಅಂದರೆ 864 ಮಿಲಿಮೀಟರ್. ಡಬಲ್ ಬಾಸ್‌ನಲ್ಲಿ ಇದು ಸುಮಾರು 41–42 ಇಂಚು. ಫೆಂಡರ್‌ನದೇ ಟೆಲಿಕ್ಯಾಸ್ಟರ್ ಗಿಟಾರ್‌ನಲ್ಲಿ ಇಪ್ಪತ್ತೈದೂವರೆ. ಬಾಸ್‌ನ ಕೆಳಗಿನ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸಬೇಕು. ತಂತಿ ಗಿಡ್ಡವಾದಷ್ಟೂ ಸ್ವರ ಮೇಲೇರುತ್ತದೆ. ಗಿಡ್ಡ ತಂತಿಯಲ್ಲೇ ಆ ಆಳ ಬೇಕು ಅಂದರೆ ಎರಡೇ ದಾರಿ. ತಂತಿಯನ್ನು ಸಡಿಲ ಬಿಡಬೇಕು, ಇಲ್ಲಾ ದಪ್ಪ ಮಾಡಬೇಕು. ಸಡಿಲ ಬಿಟ್ಟರೆ ಫ್ರೆಟ್‌ಗೆ ತಾಗಿ ಗಿರ್ ಅನ್ನುತ್ತದೆ. ತೀರಾ ದಪ್ಪ ಮಾಡಿದರೆ ತಂತಿ ಕಂಬಿಯಂತೆ ಬಿಗಿದು ಸ್ವರ ಮಂಕಾಗುತ್ತದೆ. ಹಾಗಂತ ಉದ್ದ ಮಾಡುತ್ತಾ ಹೋದರೆ ಕೈ ಎಟುಕುವುದಿಲ್ಲ. 34 ಇಂಚಿನಲ್ಲೇ ಮೊದಲ ಫ್ರೆಟ್ ನಟ್‌ನಿಂದ 48 ಮಿಲಿಮೀಟರ್‌ಗೂ ಸ್ವಲ್ಪ ಆಚೆ ಇರುತ್ತದೆ. ಟೆಲಿಕ್ಯಾಸ್ಟರ್‌ನಲ್ಲಿ 36 ಮಿಲಿಮೀಟರ್ ಆಸುಪಾಸು. ಗಿಟಾರ್‌ನಿಂದ ಬಂದವರ ಬೆರಳು ಮೊದಲ ವಾರ ನೋಯುವುದು ಇದಕ್ಕೇ.

ಎಲ್ಲರೂ ಈ ಅಳತೆಗೆ ತಕ್ಷಣ ಒಪ್ಪಲಿಲ್ಲ. 1953ರಲ್ಲಿ ಗಿಬ್ಸನ್ ಕಂಪನಿ ಪಿಟೀಲಿನ ಆಕಾರದಲ್ಲಿ ತನ್ನ ಬಾಸ್ ತಂದಾಗ ಮೂವತ್ತೂವರೆ ಇಂಚು ಇಟ್ಟಿತು. ಜರ್ಮನಿಯ ಹಾಫ್ನರ್ ಕೂಡ ಸುಮಾರು 30 ಇಂಚಿಗೆ ನಿಂತಿತು. ಪಾಲ್ ಮೆಕಾರ್ಟ್ನಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲು ಬಾಸ್ ಅದೇ. ಅವುಗಳ ದನಿ ಬೇರೆ, ಸ್ವಲ್ಪ ಗುಂಡಗೆ, ಮೆತ್ತಗೆ. ಕೆಟ್ಟದ್ದೇನಲ್ಲ. ಆದರೆ ಕಾಲ ಕಳೆದಂತೆ ಬಹುಪಾಲು ತಯಾರಕರು 34ಕ್ಕೇ ಬಂದರು. ಇವತ್ತು ಅಂಗಡಿಗೆ ಹೋಗಿ ಬಾಸ್ ಕೊಡಿ ಅಂದರೆ ಏನೂ ಕೇಳದೆ ಕೈಗಿಡುವುದು ಅದೇ ಅಳತೆಯದು.

ಉದ್ದದ ನೆಕ್ ಇನ್ನೊಂದು ತೊಂದರೆ ತಂತು. ಟೆಲಿಕ್ಯಾಸ್ಟರ್‌ನ ಬಾಡಿಗೆ ಕೆಳಗಡೆ ಮಾತ್ರ ಒಂದು ಕೊಯ್ತ. ಮೇಲಿನ ಹೆಗಲು ಗುಂಡಗೆ. ಆ ಬಾಡಿಗೆ ಬಾಸ್‌ನ ನೆಕ್ ಹಾಕಿ ಬೆಲ್ಟಿಗೆ ನೇತು ಹಾಕಿದರೆ ತಲೆ ಸೀದಾ ನೆಲಕ್ಕೆ ಬಾಗುತ್ತದೆ. ತೂಕ ಸರಿದೂಗಬೇಕಾದರೆ ಬೆಲ್ಟ್ ಸಿಕ್ಕಿಸುವ ಗುಂಡಿ ಇನ್ನಷ್ಟು ಮುಂದೆ, ಹೆಚ್ಚುಕಡಿಮೆ 12ನೇ ಫ್ರೆಟ್‌ನ ಹತ್ತಿರಕ್ಕೆ ಬರಬೇಕು. ಹಾಗಾಗಿ ಮೇಲಿನ ಹೆಗಲನ್ನು ಕೊಂಬಿನ ಹಾಗೆ ಮುಂದಕ್ಕೆ ಎಳೆದರು. ಎರಡು ಕೊಂಬಿನ ಈ ಆಕಾರ ಫೆಂಡರ್‌ನಲ್ಲಿ ಮೊದಲು ಬಂದದ್ದು ಬಾಸ್‌ಗೆ. ಎಲ್ಲರೂ ಗುರುತಿಸುವ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಬಂದದ್ದು 1954ರಲ್ಲಿ. ಆ ಗಿಟಾರ್‌ನ ಚೆಲುವಿಗೆ ಮೂಲ ಬಾಸ್‌ನ ತೂಕದ ಲೆಕ್ಕ. ಗಿಟಾರ್‌ನವರಿಗೆ ಇದನ್ನು ಹೇಳಿದರೆ ಅಷ್ಟು ಖುಷಿಯಾಗುವುದಿಲ್ಲ, ಇರಲಿ.

ಉಳಿದದ್ದೆಲ್ಲ ಟೆಲಿಕ್ಯಾಸ್ಟರ್‌ನ ಮನೆಯದೇ. ಆಶ್ ಮರದ ಚಪ್ಪಟೆ ಬಾಡಿ, ಮರದ ಎಳೆ ಕಾಣುವ ತಿಳಿ ಹಳದಿ ಬಣ್ಣ, ಬಾಡಿಗೆ ಗೀರು ಬೀಳದಂತೆ ಮುಂದೆ ಹಾಕುವ ಕಪ್ಪು ತಗಡು, ಅಂದರೆ ಪಿಕ್‌ಗಾರ್ಡ್, ಸಣ್ಣ ತಲೆ. ನೆಕ್ ಪೂರಾ ಒಂದೇ ಮೇಪಲ್ ತುಂಡು, ಫ್ರೆಟ್ ಕೂಡ ಅದರ ಮೇಲೇ. ಅದನ್ನು ಬಾಡಿಗೆ ಗೋಂದು ಹಾಕಿ ಅಂಟಿಸಿಲ್ಲ. ಹಿಂದಿನಿಂದ ನಾಲ್ಕು ಸ್ಕ್ರೂ. ಹಳೇ ವಾದ್ಯ ತಯಾರಕರಿಗೆ ಇದು ನಗು ತರಿಸುವ ಕೆಲಸ. ರಿಪೇರಿಯವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ನೆಕ್ ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಿ. ನೆಕ್‌ನ ಹಿಂದೆ ಉದ್ದಕ್ಕೆ ಒಂದು ಕಂದು ಪಟ್ಟಿ ಕಾಣುತ್ತದಲ್ಲ, ಅದೂ ಅಲಂಕಾರ ಅಲ್ಲ. ನೆಕ್ ಬಾಗದಂತೆ ಒಳಗೆ ಕೂರಿಸುವ ಕಬ್ಬಿಣದ ಕಂಬಿ, ಅಂದರೆ ಟ್ರಸ್ ರಾಡ್, ಹಿಂದಿನಿಂದ ಹೋಗಬೇಕು. ಹಾಗೆ ಕೊರೆದ ಕಾಲುವೆಯನ್ನು ವಾಲ್‌ನಟ್ ಪಟ್ಟಿಯಿಂದ ಮುಚ್ಚಿದ ಗುರುತು ಅದು.

ಇನ್ನು ತೆಳು ತಂತಿಯ ಪಕ್ಕದ ಆ ತುಂಡು. ಅದು ಬೆರಳು ಊರಲು. ಈಗ ನಾವು ಹೆಬ್ಬೆರಳನ್ನು ಪಿಕಪ್ ಮೇಲೆ ಊರಿ ತೋರುಬೆರಳು, ಮಧ್ಯದ ಬೆರಳಿನಿಂದ ಮೀಟುತ್ತೇವೆ. 1951ರಲ್ಲಿ ಫೆಂಡರ್ ಊಹಿಸಿದ್ದು ಬೇರೆ. ಮಿಕ್ಕ ಬೆರಳುಗಳನ್ನು ಕೆಳಗಿನ ಆ ತುಂಡಿಗೆ ಕೊಕ್ಕೆ ಹಾಕಿ ಹಿಡಿದು, ಹೆಬ್ಬೆರಳಿನಿಂದ ತಂತಿ ಮೀಟುತ್ತಾರೆ ಅಂತ. ಕೆಲವರು ಹಾಗೆ ನುಡಿಸಿದರು ಕೂಡ. ಆದರೆ ಡಬಲ್ ಬಾಸ್‌ನಿಂದ ಬಂದವರ ಬೆರಳಿಗೆ ಮೇಲಿನಿಂದ ಎಳೆಯುವ ಅಭ್ಯಾಸ. ಅವರ ರೀತಿಯೇ ಗೆದ್ದಿತು. ಆದರೂ ಕಂಪನಿ ಈ ತುಂಡನ್ನು ಮೇಲಿನ ದಪ್ಪ ತಂತಿಯ ಕಡೆಗೆ ಸರಿಸಿದ್ದು 1974ರಲ್ಲಿ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಅದು ಬೇಡದ ಜಾಗದಲ್ಲೇ ಕೂತಿತ್ತು. ಎಲ್ಲ ದೂರನ್ನೂ ಬೇಗ ಕೇಳುವ ಕಂಪನಿ ಇದೊಂದನ್ನು ಯಾಕೆ ಬಿಟ್ಟಿತೋ! ನಿಮಗೆ ಮಾತ್ರ ಇದರಿಂದ ಲಾಭವಿದೆ. ಹಳೇ ಬಾಸ್‌ನ ಫೋಟೊ ನೋಡಿದಾಗ ಮೊದಲು ಈ ತುಂಡು ಯಾವ ಕಡೆಗಿದೆ ನೋಡಿ. ಕೆಳಗಿದ್ದರೆ 1974ಕ್ಕೆ ಮೊದಲಿನದು, ಇಲ್ಲಾ ಅದರ ನಕಲು.

ಹಳೇ ಚಿತ್ರಗಳಲ್ಲಿ ಪಿಕಪ್ ಮೇಲೊಂದು, ಬ್ರಿಡ್ಜ್ ಮೇಲೊಂದು ಕ್ರೋಮ್ ಮುಚ್ಚಳ ಕಾಣುತ್ತದೆ. ಬ್ರಿಡ್ಜ್‌ನ ಮುಚ್ಚಳದ ಒಳಗೆ ಮೆತ್ತನೆಯ ಒಂದು ಪಟ್ಟಿ ಇರುತ್ತಿತ್ತು. ಅದು ತಂತಿಗೆ ಒತ್ತಿಕೊಂಡು ನಾದವನ್ನು ಬೇಗ ನಿಲ್ಲಿಸುತ್ತದೆ. ಸ್ವರ ಎಳೆದಷ್ಟೂ ಒಳ್ಳೆಯದು ಅನ್ನುವುದು ನಮ್ಮ ಕಾಲದ ರುಚಿ. ಆಗ ಜನಕ್ಕೆ ಬೇಕಿದ್ದದ್ದು ಡಬಲ್ ಬಾಸ್‌ನ ಹಾಗೆ ದುಮ್ ಎಂದು ಬಂದು ಅಡಗುವ ದನಿ. ಇವತ್ತೂ ರೆಕಾರ್ಡಿಂಗ್‌ನಲ್ಲಿ ಬ್ರಿಡ್ಜ್ ಹತ್ತಿರ ಸ್ಪಂಜಿನ ತುಂಡು ಸಿಕ್ಕಿಸುವವರಿದ್ದಾರೆ. ಒಮ್ಮೆ ಮಾಡಿ ನೋಡಿ, ನಿಮ್ಮ ಬಾಸ್ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ.

ಈಗ ದೂರುಗಳು. ಮೊದಲನೆಯದು ಪಕ್ಕೆಲುಬಿನದು. ಚಪ್ಪಟೆ ಹಲಗೆಯ ಚೂಪು ಅಂಚು ಹೊಟ್ಟೆಗೂ ಮುಂಗೈಗೂ ಒತ್ತುತ್ತಿತ್ತು. 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್‌ಗೆ ಮಾಡಿದ ಹಾಗೇ ಬಾಸ್‌ನ ಬಾಡಿಗೂ ಹಿಂದೆ ಹೊಟ್ಟೆ ಕೂರುವಲ್ಲಿ, ಮುಂದೆ ಮುಂಗೈ ಊರುವಲ್ಲಿ ಮರ ತೆಗೆದು ಇಳಿಜಾರು ಮಾಡಿದರು. ನಿಮ್ಮ ಅಣ್ಣ ಕಂಡದ್ದು ಚಪ್ಪಟೆ ಬಾಡಿ, ಆದ್ದರಿಂದ ಅದು ಇದಕ್ಕಿಂತ ಹಿಂದಿನ ಮಾದರಿ. ಅದೇ ಹೊತ್ತಿಗೆ ಹಳದಿ-ಕಪ್ಪು ಸನ್‌ಬರ್ಸ್ಟ್ ಬಣ್ಣವೂ ಬಂತು. ಸುಮಾರು 1956ರ ನಡುವಿನಿಂದ ಸನ್‌ಬರ್ಸ್ಟ್ ಬಾಡಿಗಳಿಗೆ ಆಶ್ ಬಿಟ್ಟು ಆಲ್ಡರ್ ಮರ ಬಳಸತೊಡಗಿದರು.

ಎರಡನೆಯ ದೂರು ಬ್ರಿಡ್ಜ್‌ನದು. ಮೊದಲ ಮಾದರಿಯಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಊರುವ ಸಣ್ಣ ತುಂಡು. ಒಂದು ಸ್ಯಾಡಲ್ ಹಿಂದೆ ಮುಂದೆ ಮಾಡಿದರೆ ಎರಡು ತಂತಿಯ ಉದ್ದ ಒಟ್ಟಿಗೆ ಬದಲಾಗುತ್ತದೆ. ಇ ತಂತಿ ಸರಿ ಮಾಡಿದರೆ ಎ ತಂತಿ ತಪ್ಪುತ್ತದೆ. 12ನೇ ಫ್ರೆಟ್‌ನಲ್ಲಿ ಎರಡೂ ಪೂರಾ ಸರಿ ಬರುವುದು ಕಷ್ಟ. ಹೆಸರು ಮಾತ್ರ ಪ್ರಿಸಿಷನ್! 1957ರಲ್ಲಿ ತಂತಿಗೊಂದರಂತೆ ನಾಲ್ಕು ಸ್ಯಾಡಲ್ ಬಂದವು. ಮೊದಲು ತಂತಿಗಳು ಬಾಡಿಯ ಹಿಂದಿನಿಂದ ತೂತಿನ ಮೂಲಕ ಬರುತ್ತಿದ್ದವು. ಈಗ ಬ್ರಿಡ್ಜ್‌ನ ತಗಡಿಗೇ ಸಿಕ್ಕಿಸಿದರೆ ಆಯಿತು. ಹಿಂದಿನಿಂದ ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ವಾದ ಮಾಡುವವರಿದ್ದಾರೆ. ನನ್ನ ಕಿವಿಗೆ ಅಂಥ ವ್ಯತ್ಯಾಸ ಕೇಳುವುದಿಲ್ಲ.

ಮೂರನೆಯದೇ ದೊಡ್ಡದು. ಹಳೇ ಪಿಕಪ್ ಒಂದೇ ಕಾಯಿಲ್, ಅಂದರೆ ತೆಳು ತಾಮ್ರದ ತಂತಿಯ ಒಂದೇ ಸುರುಳಿ, ಪ್ರತಿ ತಂತಿಯ ನೇರ ಕೆಳಗೆ ಒಂದೊಂದು ಅಯಸ್ಕಾಂತದ ಕಡ್ಡಿ. ಅದಕ್ಕೆ ಎರಡು ಕಾಯಿಲೆ. ಒಂದು ಹಮ್. ಸುತ್ತಲಿನ ಕರೆಂಟಿನ ತಂತಿ, ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್ ಎಲ್ಲದರ ಗುಂಯ್ ಸದ್ದನ್ನೂ ಅದು ಹಿಡಿಯುತ್ತದೆ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಜ್, ನಮ್ಮಲ್ಲಿ 50. ಇ ತಂತಿಯ ಮೂರನೇ ಫ್ರೆಟ್‌ನಲ್ಲಿ ಬರುವ ಜಿ ಸ್ವರ 49 ಹರ್ಟ್ಜ್. ಅಂದರೆ ನಮ್ಮ ಊರಿನ ಹಮ್ ಬಾಸ್‌ನ ಸ್ವರಗಳ ಮಧ್ಯೆಯೇ ಬಂದು ಕೂರುತ್ತದೆ. ಅರ್ಥಿಂಗ್ ಸರಿ ಇಲ್ಲದ ಕಲ್ಯಾಣ ಮಂಟಪದಲ್ಲಿ ಒಂದೇ ಕಾಯಿಲ್‌ನ ಬಾಸ್ ಹಿಡಿದು ನಿಂತವರಿಗೆ ಇದರ ಹಿಂಸೆ ಗೊತ್ತು. ಎರಡನೆಯದು ಪೆಟ್ಟು. ಕಡ್ಡಿ ತಂತಿಯ ನೇರ ಕೆಳಗಿರುವುದರಿಂದ ಮೀಟಿದ ಕ್ಷಣದಲ್ಲಿ ಸಂಕೇತ ಟಕ್ ಎಂದು ಏರುತ್ತದೆ. ಆ ಕಾಲದ ಕಾಗದದ ಸ್ಪೀಕರ್‌ಗೆ ಅದು ಗುದ್ದಿದಂತೆ. ಸ್ಪೀಕರ್ ಹರಿದರೆ ದೂರು ಬರುವುದು ಆಂಪ್ ಮಾರಿದವರಿಗೇ. ಇಲ್ಲಿ ಬಾಸೂ ಅವರದೇ, ಆಂಪೂ ಅವರದೇ.

ಫೆಂಡರ್ ಇದಕ್ಕೆ ಮಾಡಿದ ಪರಿಹಾರ ನೋಡಿದಾಗಲೆಲ್ಲ ನನಗೆ ಶಹಬಾಸ್ ಅನ್ನಿಸುತ್ತದೆ. ಕಾಯಿಲನ್ನು ಎರಡು ಮಾಡಿದರು. ದಪ್ಪದ ಇ, ಎ ತಂತಿಗೆ ಒಂದು. ತೆಳುವಿನ ಡಿ, ಜಿ ತಂತಿಗೆ ಇನ್ನೊಂದು. ಒಂದನ್ನು ನೆಕ್‌ನ ಕಡೆಗೆ, ಇನ್ನೊಂದನ್ನು ಬ್ರಿಡ್ಜ್‌ನ ಕಡೆಗೆ ಸ್ವಲ್ಪ ಸರಿಸಿ ಕೂರಿಸಿದರು. ಎರಡನ್ನೂ ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುವ ಹಾಗೆ ಸೀರೀಸ್‌ನಲ್ಲಿ ಸೇರಿಸಿದರು. ಆದರೆ ಒಂದರ ಸಂಪರ್ಕ ಇನ್ನೊಂದಕ್ಕೆ ಉಲ್ಟಾ. ಹೊರಗಿನ ಹಮ್ ಎರಡಕ್ಕೂ ಒಂದೇ ಸಮ ಬರುತ್ತದೆ, ಒಂದರಲ್ಲಿ ಮೇಲೇರಿದಾಗ ಇನ್ನೊಂದರಲ್ಲಿ ಕೆಳಗಿಳಿಯುತ್ತದೆ. ಕೂಡಿದಾಗ ಬಹುಪಾಲು ಸೊನ್ನೆ. ಹಾಗಾದರೆ ತಂತಿಯ ದನಿಯೂ ಒಂದರಲ್ಲಿ ಉಲ್ಟಾ ಬರುವುದಿಲ್ಲವೇ? ಅದಕ್ಕೇ ಒಂದರ ಅಯಸ್ಕಾಂತವನ್ನೂ ತಿರುಗಿಸಿ ಇಟ್ಟರು. ಎರಡು ಸಲ ಉಲ್ಟಾ ಆದರೆ ಮತ್ತೆ ಸರಿಯೇ. ಹಮ್‌ಗೆ ಅಯಸ್ಕಾಂತದ ಗೊಡವೆ ಇಲ್ಲ, ಹಾಗಾಗಿ ಅದು ಒಂದೇ ಸಲ ಉಲ್ಟಾ ಆಗಿ ಸಾಯುತ್ತದೆ.

ಇದೇ ಕಾಲದಲ್ಲಿ ಗಿಬ್ಸನ್‌ನ ಎಂಜಿನಿಯರ್ ಸೇತ್ ಲವರ್ ಕೂಡ ಹಮ್ ಅಳಿಸುವ ಪಿಕಪ್ ಮಾಡಿದ್ದರು. 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಅದರಲ್ಲಿ ಎರಡೂ ಕಾಯಿಲ್ ಎಲ್ಲ ತಂತಿಗಳ ಕೆಳಗೂ ಹಾಯುತ್ತವೆ. ಅಂದರೆ ಪ್ರತಿ ತಂತಿಯ ದನಿಯನ್ನೂ ಎರಡು ಜಾಗದಿಂದ ಹಿಡಿಯುತ್ತವೆ. ದನಿ ದಪ್ಪ, ಆದರೆ ಮೇಲಿನ ಹೊಳಪು ಸ್ವಲ್ಪ ಕಡಿಮೆ. ಫೆಂಡರ್ ಪಿಕಪ್‌ನಲ್ಲಿ ಒಂದು ತಂತಿಗೆ ಒಂದೇ ಕಾಯಿಲ್. ಒಂದೇ ಕಾಯಿಲ್‌ನ ಸ್ಪಷ್ಟತೆ ಹಾಗೇ ಉಳಿಯಿತು, ಹಮ್ ಮಾತ್ರ ಹೋಯಿತು. ಇನ್ನೊಂದು ಜಾಣತನ ಕಡ್ಡಿಗಳಲ್ಲಿದೆ. ನಿಮ್ಮ ಬಾಸ್‌ನಲ್ಲಿ ಎಣಿಸಿ ನೋಡಿ, ನಾಲ್ಕಲ್ಲ, ಎಂಟು. ತಂತಿ ಎರಡು ಕಡ್ಡಿಗಳ ನಡುವೆ ಹಾಯುತ್ತದೆ. ನೇರ ಮೇಲೆ ಇಲ್ಲದ್ದರಿಂದ ಆ ಟಕ್ ಎನ್ನುವ ಪೆಟ್ಟು ಮೆತ್ತಗಾಯಿತು. ತಂತಿ ಅಗಲಕ್ಕೆ ಆಡಿದರೂ ಒಂದು ಕಡ್ಡಿಯಿಂದ ದೂರ ಹೋದಷ್ಟು ಇನ್ನೊಂದಕ್ಕೆ ಹತ್ತಿರ ಆಗುತ್ತದೆ, ದನಿ ಸಮ ಇರುತ್ತದೆ. ಅವತ್ತಿನಿಂದ ಇವತ್ತಿನವರೆಗೆ ಈ ಪಿಕಪ್‌ನ ಮೂಲ ಲೆಕ್ಕ ಬದಲಾಗಿಲ್ಲ.

1957ರಲ್ಲೇ ತಲೆಯೂ ದೊಡ್ಡದಾಗಿ ಸ್ಟ್ರಾಟೊಕ್ಯಾಸ್ಟರ್‌ನ ಹಾಗಾಯಿತು. ಇದು ಮಾತ್ರ ಮುಖ್ಯವಾಗಿ ಮನೆಯವರೆಲ್ಲ ಒಂದೇ ಥರ ಕಾಣಲಿ ಅಂತ ಮಾಡಿದ್ದು. ಪಿಕ್‌ಗಾರ್ಡ್ ಚಿನ್ನದ ಬಣ್ಣದ ಅಲ್ಯೂಮಿನಿಯಂ ಆಯಿತು. ನೋಡಲು ಝಗಮಗ, ಜೊತೆಗೆ ಲೋಹವಾದ್ದರಿಂದ ಒಳಗಿನ ವೈರಿಂಗ್‌ಗೆ ಹಮ್ ತಡೆಯುವ ಗೋಡೆ. ಬೆರಳು ತಾಗುವಲ್ಲಿ ಬಣ್ಣ ಸವೆದು ಬೆಳ್ಳಗೆ ಕಾಣುವುದು ಹಳೆಯದರ ಒಂದು ಗುರುತು. 1959ರಲ್ಲಿ ಅದೂ ಹೋಗಿ ಆಮೆ ಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್, ಬಂತು. ಮೇಪಲ್ ಮೇಲಿನ ವಾರ್ನಿಷ್ ಸವೆದು ಬೆರಳಿನ ಜಾಗವೆಲ್ಲ ಕಪ್ಪಗೆ ಕೊಳಕಾಗಿ ಕಾಣುತ್ತಿತ್ತು. ಆದ್ದರಿಂದ ಅದೇ ವರ್ಷ ನೆಕ್ ಮೇಲೆ ರೋಸ್‌ವುಡ್ ಪಟ್ಟಿ ಅಂಟಿಸತೊಡಗಿದರು. ಮೊದಲು ಬ್ರೆಜಿಲ್‌ನ ರೋಸ್‌ವುಡ್, 60ರ ದಶಕದ ನಡುವಿನ ನಂತರ ಭಾರತದ್ದು, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರದ ಜಾತಿ. ಪಟ್ಟಿ ಬಂದ ಮೇಲೆ ಟ್ರಸ್ ರಾಡ್ ಮುಂದಿನಿಂದಲೇ ಇಡಬಹುದಾಯಿತು. ಹಿಂದಿನ ಕಂದು ಗೆರೆ ಮಾಯ.

ಅಲ್ಲಿಗೆ ವಿನ್ಯಾಸದ ಕೆಲಸ ಮುಗಿಯಿತು ಅಂತಲೇ ಹೇಳಬೇಕು. 1960ರಲ್ಲಿ ಇನ್ನೂ ತೆಳು ನೆಕ್‌ನ, ಎರಡು ಪಿಕಪ್‌ನ ಜಾಝ್ ಬಾಸ್ ತಂದರು. ಅದು ಬೇರೆಯೇ ವಾದ್ಯ, ಅದರ ಕತೆಯೂ ಬೇರೆ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ 1.3 ಕೋಟಿ ಡಾಲರ್‌ಗೆ ಮಾರಿಬಿಟ್ಟರು. ಆಮೇಲೆ ಮ್ಯೂಸಿಕ್ ಮ್ಯಾನ್ ಕಂಪನಿಗೆ ಸ್ಟಿಂಗ್‌ರೇ ಬಾಸ್ ಮಾಡಿಕೊಟ್ಟಾಗಲೂ ತಂತಿಯ ಉದ್ದ ಮಾತ್ರ ಅದೇ 34.

ಆದರೆ ಈ ವಾದ್ಯದ ದನಿ ಏನು ಅಂತ ತೀರ್ಮಾನ ಮಾಡಿದ್ದು ಫುಲರ್ಟನ್ ಅಲ್ಲ, ನುಡಿಸಿದವರು. 50ರ ದಶಕದ ಮೊದಲಲ್ಲೇ ಲಯನೆಲ್ ಹ್ಯಾಂಪ್ಟನ್ ಅವರ ಜಾಝ್ ತಂಡದಲ್ಲಿ ಮಂಕ್ ಮಾಂಟ್‌ಗಮೆರಿ ಇದನ್ನು ಹಿಡಿದು ವೇದಿಕೆಗೆ ಬಂದರು. ಗಿಟಾರ್ ದಿಗ್ಗಜ ವೆಸ್ ಮಾಂಟ್‌ಗಮೆರಿಯ ಅಣ್ಣ. ಲಾಸ್ ಏಂಜಲೀಸ್‌ನ ಸ್ಟುಡಿಯೊಗಳಲ್ಲಿ ಕ್ಯಾರಲ್ ಕೇ ಪಿಕ್ ಹಿಡಿದು ನುಡಿಸಿದರು. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದರು. ಪಿ ಬಾಸ್ ಹೇಗೆ ಕೇಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳಿಸುವುದು ಇವರನ್ನು. ಮೂಲದಲ್ಲಿ ಡಬಲ್ ಬಾಸ್‌ನವರು. 1962ರ ಸನ್‌ಬರ್ಸ್ಟ್ ಪ್ರಿಸಿಷನ್, ದಪ್ಪನೆಯ ನುಣುಪು ಫ್ಲಾಟ್‌ವೌಂಡ್ ತಂತಿ, ಬಲಗೈಯ ತೋರುಬೆರಳು ಒಂದೇ. ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಬ್ರಿಡ್ಜ್‌ನ ಮುಚ್ಚಳವೂ ಒಳಗಿನ ಸ್ಪಂಜೂ ಹಾಗೇ. ಮೋಟೌನ್‌ನಲ್ಲಿ ಬಾಸನ್ನು ಆಂಪ್ ಇಲ್ಲದೆ ನೇರ ರೆಕಾರ್ಡಿಂಗ್ ಬೋರ್ಡಿಗೆ ಜೋಡಿಸುತ್ತಿದ್ದರು. ಅಂದರೆ ನೀವು ಕೇಳುವುದು ಪಿಕಪ್, ತಂತಿ, ಬೆರಳು, ಅಷ್ಟೇ. ಆಮೇಲೆ 1966ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೋಟೊಸೌಂಡ್ ಕಂಪನಿಯ ಒರಟು ರೌಂಡ್‌ವೌಂಡ್ ತಂತಿ ಬಂದಾಗ ಇದೇ ವಾದ್ಯ ಗರ್ಜಿಸಲೂ ಕಲಿತಿತು. ಈಗ ಹೊಸ ಬಾಸ್‌ಗಳಲ್ಲಿ ಬರುವುದು ಹೆಚ್ಚಾಗಿ ಅಂಥ ತಂತಿಯೇ.

ಹಳೇ ರೂಪ ಪೂರಾ ಸಾಯಲಿಲ್ಲ. 1968ರಲ್ಲಿ ಕಂಪನಿಯೇ ಅದನ್ನು ಟೆಲಿಕ್ಯಾಸ್ಟರ್ ಬಾಸ್ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಜಪಾನಿನಲ್ಲಿ ಮಾಡಿದ 1951ರ ಮಾದರಿಯ ಮರುತಯಾರಿಕೆಗಳೂ ಇವೆ. ಅವುಗಳ ತಲೆಯ ಮೇಲೆ ಪ್ರಿಸಿಷನ್ ಬಾಸ್ ಅಂತಲೇ ಇರುತ್ತದೆ. ಇಂಗ್ಲೆಂಡಿನ ಗಾಯಕ ಸ್ಟಿಂಗ್ ಕೈಯಲ್ಲಿ ಬಣ್ಣವೆಲ್ಲ ಸವೆದ, ಒಂದೇ ಕಾಯಿಲ್‌ನ 50ರ ದಶಕದ ಬಾಸ್ ನೀವು ನೋಡಿರುತ್ತೀರಿ. ದನಿ ಸ್ವಲ್ಪ ಒಣದು, ಮರದ ಹಾಗೆ, ಪೆಟ್ಟು ಜಾಸ್ತಿ. ಅದನ್ನು ಇಷ್ಟಪಡುವವರಿಗೆ ಹೊಸ ಪಿಕಪ್ ಸಪ್ಪೆ ಅನ್ನಿಸುತ್ತದೆ.

ಇನ್ನು ತರಿಸುವ ಮಾತು. ಅಣ್ಣ ಕಂಡದ್ದು ನಿಜಕ್ಕೂ 1951–54ರದಾದರೆ ಅದರ ಬೆಲೆಗೆ ನುಡಿಸಲು ಭಯವಾಗುತ್ತದೆ. ಮೊದಲು ಅದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಮೊದಲ ವರ್ಷಗಳಲ್ಲಿ ಸೀರಿಯಲ್ ನಂಬರ್ ಬ್ರಿಡ್ಜ್‌ನ ತಗಡಿನ ಮೇಲಿರುತ್ತದೆ, ಆಮೇಲೆ ನೆಕ್ ಹಿಂದಿನ ತಗಡಿನ ಮೇಲೆ. ಆದರೆ ನಂಬರ್ ಒಂದನ್ನೇ ನಂಬಬೇಡಿ, ಫೆಂಡರ್‌ನವರು ತಗಡನ್ನು ಡಬ್ಬದಿಂದ ಸಿಕ್ಕ ಹಾಗೆ ಎತ್ತಿ ಹಾಕುತ್ತಿದ್ದರು. ಅಂಗಡಿಯವರು ಒಪ್ಪಿದರೆ ನೆಕ್ ಬಿಚ್ಚಿ ತುದಿಯ ಫೋಟೊ ಕೇಳಿ. 50ರ ದಶಕದ್ದರಲ್ಲಿ ಪೆನ್ಸಿಲ್‌ನಲ್ಲಿ ತಾರೀಖು, ಮಾಡಿದವರ ಇನಿಶಿಯಲ್ ಇರುವುದುಂಟು. ಟಿಜಿ ಅಂತಿದ್ದರೆ ಅದು ಅಲ್ಲಿ ನೆಕ್ ಮಾಡುತ್ತಿದ್ದ ಟಡೇವೊ ಗೋಮೆಜ್ ಅವರ ಗುರುತು. ವಾಲ್ಯೂಮ್ ಗುಂಡಿಯ ಕೆಳಗಿನ ಪೊಟೆನ್ಶಿಯೊಮೀಟರ್‌ನ ಬೆನ್ನ ಮೇಲೆ ಕೋಡ್ ಇರುತ್ತದೆ. 304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ, 137 ಅಂದರೆ ಸಿಟಿಎಸ್, ಅದರ ಮುಂದಿನದು ವರ್ಷ ಮತ್ತು ವಾರ. 1376622 ಅಂತಿದ್ದರೆ ಸಿಟಿಎಸ್, 1966, 22ನೇ ವಾರ. ವಾದ್ಯ ಅದಕ್ಕಿಂತ ಹಳೆಯದಿರಲಾರದು, ಹೊಸದಿರಬಹುದು. ಬೆಸುಗೆ ಹೊಳೆಯುತ್ತಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಅರ್ಥ. ಜಿ ತಂತಿಯ ಐದರಿಂದ ಏಳನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ನುಡಿಸಿ ಕೇಳಿಸಿಕೊಳ್ಳಲೂ ಹೇಳಿ. ಅಲ್ಲೆಲ್ಲೋ ಒಂದು ಸ್ವರ ಬೇಗ ಸಾಯುವುದು ಈ ನೆಕ್‌ಗಳ ಹುಟ್ಟುಗುಣ. ಸ್ವಲ್ಪ ಇದ್ದರೆ ಪರವಾಗಿಲ್ಲ.

ಮರುತಯಾರಿಕೆಯಾದರೆ ಧಾರಾಳವಾಗಿ ತರಿಸಿ, ಸುಂಕ ಎಷ್ಟು ಬೀಳುತ್ತದೆ ಅಂತ ಮೊದಲೇ ವಿಚಾರಿಸಿ. ಮನೆಯಲ್ಲಿ, ಸ್ಟುಡಿಯೊದಲ್ಲಿ ಅದು ಚೆನ್ನ. ಮದುವೆ ಮನೆ, ಗಣೇಶೋತ್ಸವದ ಪೆಂಡಾಲಿಗೆ ನಿಮ್ಮ ಈಗಿನ ಬಾಸನ್ನೇ ಒಯ್ಯಿರಿ, ಹಮ್ ಕಾಟ ಇರುವುದಿಲ್ಲ. ಮುಂದೆ ಎಂದಾದರೂ 60ರ ದಶಕದ್ದು ಕಣ್ಣಿಗೆ ಬಿದ್ದರೆ ಮಾತ್ರ ಒಂದು ಎಚ್ಚರ. ಬ್ರೆಜಿಲ್ ರೋಸ್‌ವುಡ್ 1992ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ದೇಶದ ಗಡಿ ದಾಟಿಸಿದರೆ ವಾದ್ಯವನ್ನೇ ಹಿಡಿದಿಟ್ಟುಕೊಳ್ಳಬಹುದು. ಆಮೆ ಚಿಪ್ಪಿನ ಹಾಗೆ ಕಾಣುವ ಪಿಕ್‌ಗಾರ್ಡ್‌ಗೆ ಆ ಭಯವಿಲ್ಲ, ಅದು ಸೆಲ್ಯುಲಾಯ್ಡ್. ಅಣ್ಣನ ಫೋಟೊದಲ್ಲಿರುವುದರ ನೆಕ್ ಪೂರಾ ಮೇಪಲ್, ಅದಕ್ಕೆ ಈ ರಗಳೆ ಯಾವುದೂ ಇಲ್ಲ.